ಕಪ್ಪಿನಡಿಯ ಮುದ್ರೆ

ಡಾಕ್ಟರು ಬರುವ ದಿನ ನೆವಿಲ್ ಗಡ್ಡ ಬೋಳಿಸಬೇಕೆಂದ. ಅವನ ಬೆರಳಲ್ಲಿ ರೇಜರ್ ನಿಲ್ಲುವುದಿಲ್ಲ, ಬೋಳಿಸಿದ್ದು ಅವನ ಹೆಂಡತಿ ನಾನು. ಆಮೇಲೆ ಮದುವೆ ಸಮಾರಂಭಕ್ಕೆಂದು ಎತ್ತಿಟ್ಟಿದ್ದ ಬಿಳಿ ಅಂಗಿ ಬೇಕೆಂದ. ಗುಂಡಿ ಹಾಕಿದ್ದೂ ನಾನೇ.

"ಹಳೇ ಸ್ವೆಟರೇ ಇರ್ಲಿ ಬಿಡೋ. ಅವ್ರು ಬರ್ತಿರೋದು ನಿನ್ನ ಫೋಟೋ ತೆಗೆಯೋಕಲ್ಲ."

"ಮನೆಗೆ ಬಂದೋರ ಮುಂದೆ ಭಿಕ್ಷುಕನ ಥರ ಕೂರ್ಲೇನೇ?"

ಲಸಿಕೆಯಿಂದಲೇ ಅವನ ನರಗಳು ಕೆಟ್ಟವೆಂದು ಸರ್ಕಾರ ಒಪ್ಪಿತ್ತು. ತೀರ ಅಪರೂಪಕ್ಕೆ ಯಾರಿಗೋ ಆಗುವುದು ಇವನ ಪಾಲಿಗೆ ಬಂತು, ಅಷ್ಟೆ. ತಕರಾರಿದ್ದದ್ದು ಇವನು ಎಷ್ಟು ಅಂಗವಿಕಲ ಎನ್ನುವುದರಲ್ಲಿ. ನೂರಕ್ಕೆ ಅರವತ್ತಾದರೆ ಪೂರ್ತಿ ಪರಿಹಾರ. ಒಂದು ಕಡಿಮೆಯಾದರೂ ಬಿಡಿಗಾಸಿಲ್ಲ. ಮೊದಲ ಸಲ ಅರವತ್ತಿಲ್ಲ ಎಂದು ಕೈಬಿಟ್ಟಿದ್ದರು. ಮೇಲ್ಮನವಿಗೆ ಬರುತ್ತಿರುವ ಡಾಕ್ಟರು ಇವರು. ಇದೇ ಕೊನೆ. ಹಣ ಬಂದರೆ ಕೆಳಗೇ ಒಂದು ಬಚ್ಚಲು ಕಟ್ಟಿಸಬಹುದು. ಇಲ್ಲದಿದ್ದರೆ ಅವನನ್ನು ಆತುಕೊಂಡು ಮಹಡಿ ಹತ್ತುವ ನನ್ನ ಬೆನ್ನು ಎಲ್ಲಿಯವರೆಗೆ ತಡೆದೀತು? ಅದು ಸೋತ ದಿನ ಅವನು ಆರೈಕೆ ಕೇಂದ್ರಕ್ಕೆ. ಮಗಳು ಇಮೊಜೆನ್ ಅಪ್ಪನನ್ನು ಭಾನುವಾರಕ್ಕೊಮ್ಮೆ ನೋಡಬೇಕು.

ಡಾಕ್ಟರ್ ಹ್ಯಾಲಮ್ ಕೋಟು ಬಿಚ್ಚಿ ಕೂತು, "ಹೇಗಿದ್ದೀರಿ?" ಎಂದರು.

"ಪರವಾಗಿಲ್ಲ ತಾಯಿ, ನಡೀತಿದೆ. ನಮಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ!"

ನಮ್ಮ ಪಿಂಗಾಣಿ ಊರು ಲಾಂಗ್ಟನ್ನಿನ ಗಂಡಸರು ಸಾಯುವ ಹಾಸಿಗೆಯಲ್ಲೂ ಹೀಗೇ ಅನ್ನುತ್ತಾರೆ. ಆದರೆ ಈಕೆ ದೇಶದ ದಕ್ಷಿಣದ ಕಡೆಯವರು, ನಮ್ಮ ಈ ಮಾತಿನ ರೀತಿ ತಿಳಿಯದವರು. ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು.

"ಸ್ನಾನ?"

"ಆಗತ್ತೆ. ಶೀನಾ ಸ್ವಲ್ಪ ಕೈ ಹಾಕ್ತಾಳೆ."

"ಸ್ವಲ್ಪಾನಾ?" ನನಗೇ ಗೊತ್ತಿಲ್ಲದೆ ಬಾಯಿಂದ ಬಂತು. ಅವನು ನನ್ನನ್ನೊಮ್ಮೆ ನೋಡಿದ. ಬೇಡ ಕಣೇ ಎನ್ನುವ ನೋಟ.

"ಮೆಟ್ಟಿಲು?"

"ನಿಧಾನಕ್ಕೆ ಹತ್ತಿದ್ರಾಯ್ತು."

ಒಂದೊಂದು ಉತ್ತರಕ್ಕೂ ಅರವತ್ತು ನಮ್ಮಿಂದ ದೂರ ಸರಿಯುತ್ತಿತ್ತು. ಕೂರಲಾರದೆ ಎದ್ದು ಟೀ ಮಾಡಿದೆ. ಅವನು ದಿನವೂ ಕುಡಿಯುವ ಎರಡು ಹಿಡಿಯ ಪ್ಲಾಸ್ಟಿಕ್ ಮಗ್ಗನ್ನು ಬೆಳಿಗ್ಗೆಯೇ ನನ್ನ ಕೈಯಿಂದ ಬ್ರೆಡ್ ಡಬ್ಬಿಯ ಹಿಂದೆ ಬಚ್ಚಿಡಿಸಿದ್ದ. ಹಾಗಾಗಿ ಪಿಂಗಾಣಿ ಕಪ್ಪುಗಳೇ ಹೊರಬಂದವು. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ಅಂಥ ಕಪ್ಪುಗಳಿಗೆ ಹಿಡಿ ಅಂಟಿಸಿದವನು ಅವನು.

ಡಾಕ್ಟರು ಒಂದು ಗುಟುಕು ಕುಡಿದು, "ಎಷ್ಟು ತೆಳುವಾಗಿದೆ!" ಎಂದರು.

ನೆವಿಲ್‌ನ ಮುಖ ಅರಳಿತು. ನಮ್ಮೂರಿನವರು ಯಾರ ಮನೆಗೆ ಹೋದರೂ, ಟೀ ಕುಡಿದಾದ ಮೇಲೆ ಕಪ್ಪನ್ನು ಮಗುಚಿ ಅಡಿಯ ಮುದ್ರೆ ನೋಡಿಯೇ ಕೆಳಗಿಡುವುದು. ಯಾವ ಕಾರ್ಖಾನೆಯದೆಂದು ತಿಳಿಯದೆ ಸಮಾಧಾನವಿಲ್ಲ.

"ಯಾರ ಕೆಲಸ ಅಂದ್ಕೊಂಡ್ರಿ? ನಮ್ದೇ!" ಎನ್ನುತ್ತ ಅವನು ಮೇಜಿನ ಕಡೆ ಕೈ ಚಾಚಿದ.

ಎತ್ತಬೇಡ, ಎಂದುಕೊಂಡೆ. ದಮ್ಮಯ್ಯ, ಅವರ ಮುಂದೆ ಎತ್ತಬೇಡ.

ಹಿಡಿಯೊಳಗೆ ಬೆರಳು ತೂರಿಸಿದ. ಎತ್ತಿದ. ಕೈ ನಡುಗಲೂ ಇಲ್ಲ. ಡಾಕ್ಟರ ಕಣ್ಣು ಆ ಕೈಯ ಮೇಲೇ ಇತ್ತು. ಮುಗಿಯಿತು, ಎಂದುಕೊಂಡೆ.

ಅವರ ಮುಖವನ್ನೇ ನೋಡುತ್ತ ಅವನು ಕಪ್ಪನ್ನು ಮಗುಚಿದ. ನಾನಿನ್ನೂ ಟೀ ಬಗ್ಗಿಸಿಕೊಳ್ಳದ ನನ್ನ ಖಾಲಿ ಕಪ್ಪು ಪಕ್ಕದಲ್ಲಿತ್ತು. ಅದೆಂದುಕೊಂಡು ಅವನು ಎತ್ತಿದ್ದು ತನ್ನದೇ ತುಂಬಿದ ಕಪ್ಪು.

ಆಗಷ್ಟೇ ಬಗ್ಗಿಸಿದ ಟೀ ಅಷ್ಟೂ ತೊಡೆಯ ಮೇಲೆ ಸುರಿಯಿತು. ಪ್ಯಾಂಟಿನಿಂದ ಹಬೆ ಎದ್ದಿತು.

"ನೋಡಿ, ಈ ಕಿರೀಟದ ಗುರುತು ಇದೆಯಲ್ಲ, ಇದು..." ಅವನು ಹೇಳುತ್ತಲೇ ಇದ್ದ.

"ನೆವಿಲ್!"

"ಏನೇ?" ಎಂದು ನನ್ನ ಕಡೆ ತಿರುಗಿದ. ತೊಡೆಯ ಕಡೆಗಲ್ಲ.

ಡಾಕ್ಟರೇ ಕತ್ತರಿ ಕೇಳಿ ಪ್ಯಾಂಟು ಸೀಳಿದರು. ನಾನು ಜಗ್ಗಿನಿಂದ ತಣ್ಣೀರು ಸುರಿಯತೊಡಗಿದೆ. ಚರ್ಮ ಕೆಂಪಗೆ ಉಬ್ಬಿಕೊಳ್ಳುತ್ತಿತ್ತು. ಬೇರೆ ಯಾರದೋ ಕಾಲೆಂಬಂತೆ ಅವನು ನೋಡಿದ. ಕೈಯ ಸ್ಪರ್ಶ ಸತ್ತಿರುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದು ತೊಡೆಗೂ ಹಬ್ಬಿದೆ ಎಂದು ಅವನು ಯಾರಿಗೂ ಹೇಳಿರಲಿಲ್ಲ. ಪ್ರಾಯಶಃ ತನಗೂ ಹೇಳಿಕೊಂಡಿರಲಿಲ್ಲ. ಕಾಯಿಲೆ ಬಿದ್ದಂದಿನಿಂದ ಮೊದಲ ಸಲ ಅವನ ಮುಖದಲ್ಲಿ ಹೆದರಿಕೆ ಕಂಡೆ.

"ಇಷ್ಟೊಂದಾ ಶೀನಾ?" ಎಂದ, ಪಿಸುದನಿಯಲ್ಲಿ. "ಇಷ್ಟೊಂದು ಹೋಗಿದೆಯಾ?"

ಬೆನ್ನ ಹಿಂದೆ ಡಾಕ್ಟರು ಮತ್ತೆ ಪೆನ್ನು ಎತ್ತಿಕೊಂಡರು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬರೆಯುವ ಸದ್ದು ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತ, ಹಾಗೆ ಬೇಡುವ ನನಗೇ ಹೆದರುತ್ತ, ನೀರು ಸುರಿಯುತ್ತಲೇ ಇದ್ದೆ.