ಕಣದಲ್ಲೇ ಅಳೆದಿಟ್ಟ ಪಾಲು

೧೯೬೬ರ ಮಾರ್ಚ್ ಒಂದನೇ ತಾರೀಕು. ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಲೆಕ್ಕ ಕಲಿಸುವ ಚಾಮುಂಡಮ್ಮ ಸಂಬಳದ ಕವರನ್ನು ತಂದು ಅವ್ವನ ಕೈಗಿಟ್ಟಳು. ಚಿಕ್ಕನಿಂಗಮ್ಮ ಅದನ್ನು ಅಂಗೈಯಲ್ಲೇ ತೂಗಿದಳು.

“ಇದ್ಯಾಕ್ ಮಗ, ಕವರು ಇಷ್ಟೊಂದು ಸೊರಗೋಗದೆ?”

“ತೆರಿಗೆ ಹಿಡ್ಕಂಡವ್ರೆ ಕಣವ್ವ. ನೂರಿಪ್ಪತ್ತು ರೂಪಾಯಿ. ಮದ್ವೆ ಆಗ್ದೋರಿಗೆ ಜಾಸ್ತಿಯಂತೆ.”

ಶಾಲೆಯ ಆಫೀಸಿನ ಗುಮಾಸ್ತರು ಹೇಳಿದ್ದು ಅಷ್ಟೇ. ಮುಂದೆ ಕೇಳಲು ಅವಳಿಗೆ ಮುಜುಗರವಾಗಿತ್ತು. ಕೇಳಿದರೆ, ಮೂವತ್ತಾದರೂ ಯಾಕಮ್ಮ ಮದುವೆಯಾಗಿಲ್ಲ ಎಂಬಲ್ಲಿಗೆ ಮಾತು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

ಅವ್ವನ ಕಿವಿಗೆ ಬಿದ್ದದ್ದು ಒಂದೇ ಮಾತು. “ಮದ್ವೆ ಆಗ್ದಿದ್ದಕ್ಕೆ ಸರ್ಕಾರ್ದೋರು ದಂಡ ಆಕ್ತರಾ!” ಎನ್ನುತ್ತ ಅವಳು ಗಂಡು ತೋರಿಸುವ ಚಿಕ್ಕಮಾದಪ್ಪನಿಗೆ ಅಂದೇ ಹೇಳಿಕಳಿಸಿದಳು.

ಚಿಕ್ಕಮಾದಪ್ಪ ನಗುನಗುತ್ತಲೇ ಬಂದ. “ಯಳಂದೂರ್ನಾಗೆ ಗಂಡು ಅದೆ ಕಣವ್ವ, ಬೆಲ್ಲದ ವ್ಯಾಪಾರ. ಮದ್ವೆ ಆಗೋದ್ರೆ ನಿನ್ ಮಗಳ ದಂಡ ಎಲ್ಲ ನಿಂತೋಯ್ತದೆ. ಒಂದೇ ಮಾತು, ಅವಳ ಸಂಬ್ಳ ಅವರ ಕೈಗೇ ಕೊಡ್ಬೇಕಂತೆ.”

ಮುಂದಿನ ಭಾನುವಾರ ನೋಡಲು ಬರುವುದು, ಒಪ್ಪಿದರೆ ಆಗಲೇ ತಾಂಬೂಲ ಎಂದಾಯಿತು.

ಚಾಮುಂಡಮ್ಮನಿಗೆ ಮದುವೆ ಬೇಡವೆಂದೇನೂ ಇರಲಿಲ್ಲ. ತನ್ನ ಕೈಯಲ್ಲಿರುವುದು ಯಾವ ಪುಸ್ತಕ ಎಂದು ಕೇಳುವ ಒಬ್ಬ ಗಂಡಸು ಎಲ್ಲಾದರೂ ಇದ್ದಾನು ಎಂಬ ಆಸೆ ಅವಳೊಳಗೆ ಮೆಲ್ಲಗೆ ಉಸಿರಾಡುತ್ತಿತ್ತು. ಒಂದು ಕವರು ತೆಳ್ಳಗಾಯಿತೆಂದು ತನ್ನನ್ನು ದಾಟಿಸಿಬಿಡುತ್ತಾರಲ್ಲ ಎಂಬುದೇ ಅವಳನ್ನು ಚುಚ್ಚುತ್ತಿತ್ತು. ಆದರೂ ಆ ವಾರವೆಲ್ಲ ಅವಳು ಅವ್ವನ ಎದುರು ಬಾಯಿ ತೆರೆಯಲಿಲ್ಲ.

ಶನಿವಾರ ಚಿಕ್ಕನಿಂಗಮ್ಮ ಕಜ್ಜಾಯ ಕರಿಯುತ್ತಿದ್ದಾಗ ಪಕ್ಕದ ಮನೆಯ ಗುರುಸಿದ್ದಮ್ಮ ಬಂದಳು. ಅವಳು ಖಜಾನೆಯಲ್ಲಿ ಗುಮಾಸ್ತೆ.

“ಏನ್ ದೊಡ್ಡವ್ವ, ಘಮ ನಮ್ಮನೆಗಂಟ ಬಂದದೆ!”

“ಬಾ ಮಗ. ನಾಳೆ ಗಂಡಿನ್ ಕಡೆಯೋರು ಬತ್ತಾರೆ. ತಿಂಗ್ಳು ತಿಂಗ್ಳೂ ನೂರಿಪ್ಪತ್ತು ರೂಪಾಯಿ ದಂಡ ಕಟ್ಟಕ್ಕಾಯ್ತದಾ?”

“ತಿಂಗ್ಳು ತಿಂಗ್ಳೂ ಅಂತ ಯಾರ್ ಯೋಳುದ್ರು? ಅದು ಇಡೀ ವರ್ಷದ್ದು ದೊಡ್ಡವ್ವ!”

ಒಳಗಿದ್ದ ಚಾಮುಂಡಮ್ಮ ಬಾಗಿಲಿಗೆ ಬಂದು ನಿಂತಳು. “ವರ್ಷದ್ದಾ?”

“ಊಂ ಕಣೇ. ಹೋದ್ ಏಪ್ರಿಲ್‌ನಾಗೆ ನಿಂಗೆ ಬಡ್ತಿ ಬಂತು. ಅವತ್ತಿಂದ ಸ್ವಲ್ಪ ಸ್ವಲ್ಪ ಹಿಡೀಬೇಕಾಗಿತ್ತು. ಹಿಡೀಲಿಲ್ಲ, ನೀನೂ ಕೇಳ್ಲಿಲ್ಲ. ಅದ್ಕೇ ಕೊನೇಲಿ ಒಟ್ಗೆ ಹಿಡಿದವ್ರೆ. ಊರ್ ಮಕ್ಕಳಿಗೆಲ್ಲ ಲೆಕ್ಕ ಯೋಳ್ಕೊಡೋ ಮೇಡಮ್ಮು ತನ್ ಲೆಕ್ಕ ಕೇಳಕ್ಕೆ ನಾಚ್ಕತಾಳೆ ನೋಡು ದೊಡ್ಡವ್ವ!”

“ಅಲ್ಲ ಕಣ್ ಮಗ, ದುಡುದ್ ದುಡ್ಡ ಕೈಗೆ ಕೊಡೋಕೆ ಮುಂಚೇನೇ ಹಿಡಿಯೋದು ಯಾವ್ ನ್ಯಾಯ?”

“ನಿಮ್ ಬಂಡಳ್ಳಿ ಹೊಲದ ಕಣದಲ್ಲಿ ರಾಗಿ ರಾಶಿ ಮಾಡ್ದಾಗ ಕಮ್ಮಾರ, ಅಗಸರ ಪಾಲು ಎಲ್ಲಿ ಅಳೀತೀಯ?”

“ಕಣದಲ್ಲೇ. ಮನೆಗೆ ಬಂದ್ ರಾಗಿ ಮತ್ತೆ ಹೊಸಲು ದಾಟ್ತದಾ?” ಎಂದು ಹೇಳಿ ಚಿಕ್ಕನಿಂಗಮ್ಮ ತಾನೇ ನಕ್ಕಳು.

“ಇದೂ ಹಂಗೇಯ. ರಸ್ತೆಗೆ, ಆಸ್ಪತ್ರೆಗೆ ಸರ್ಕಾರದ ಪಾಲು. ಅಲ್ಲ, ಹೊಲದಾಗೆ ತೆನೆ ನೋಡೇ ಇಷ್ಟು ರಾಗಿ ಆಯ್ತದೆ ಅಂತ ಅಂದಾಜು ಮಾಡ್ತೀಯಲ್ಲ?”

“ಮಾಡ್ದೆ ಇರ್ತೀನಾ? ನನ್ ಅಂದಾಜು ತಪ್ಪೋದು ಅಪರೂಪ.”

“ಸಂಬಳದ್ದೂ ಏಪ್ರಿಲ್‌ನಾಗೇ ಅಂದಾಜು ಮಾಡ್ಬೇಕು. ವರ್ಷಕ್ಕೆ ಎಷ್ಟು ಬತ್ತದೆ, ಅದ್ಕೆ ತೆರಿಗೆ ಎಷ್ಟು. ಅದ್ರಲ್ಲಿ ಒಬ್ಬಂಟಿಯೋರಿಗೆ ಬಿಡೋ ರಿಯಾಯಿತಿ ಕಳೀಬೇಕು, ಮದ್ವೆ ಆದೋರಿಗೆ ಅದು ಸ್ವಲ್ಪ ಜಾಸ್ತಿ. ಜೀವವಿಮೆ ಕಟ್ಟುದ್ರೆ ಅದ್ಕೂ ರಿಯಾಯಿತಿ ಅದೆ. ಉಳುದಿದ್ದ ಹನ್ನೆರಡು ತಿಂಗ್ಳಿಗೆ ಹಂಚುದ್ರೆ ಆಯ್ತು. ಚಾಮಿ, ವಿಮೆ ರಸೀತಿ ಕೊಟ್ಟಿದ್ದೀಯ?”

“ಟ್ರಂಕಲ್ಲಿ ಅದೆ,” ಎಂದಳು ಚಾಮುಂಡಮ್ಮ, ತಲೆ ತಗ್ಗಿಸಿ.

“ಟ್ರಂಕಿಗೇನು ಸರ್ಕಾರ ರಿಯಾಯಿತಿ ಕೊಡ್ತದಾ? ಜಾಸ್ತಿ ಹಿಡಿದಿದ್ರೆ ಅರ್ಜಿ ಆಕಿ ವಾಪಸ್ ತಕ್ಕೊಬೋದು.”

ಚಿಕ್ಕನಿಂಗಮ್ಮ ಜಾಲರಿಯನ್ನು ಕೆಳಗಿಟ್ಟಳು. “ಅದಿರ್ಲಿ, ಮದ್ವೆ ಆಗೋದ್ರೆ ಎಷ್ಟ್ ಉಳೀತದೆ?”

“ಇವಳ ಸಂಬಳಕ್ಕೆ ತಿಂಗ್ಳಿಗೆ ಆರು ರೂಪಾಯಿ ಚಿಲ್ಲರೆ.”

ಚಿಕ್ಕನಿಂಗಮ್ಮ ಬಾಣಲೆ ನೋಡಿದಳು, ತಟ್ಟೆಯ ಕಜ್ಜಾಯ ನೋಡಿದಳು. “ಈ ಎಣ್ಣೆ ಬೆಲ್ಲಕ್ಕೇ ಅಷ್ಟಾಗೋಯ್ತಲ್ಲೇ! ಆರು ರೂಪಾಯಿ ಉಳ್ಸಕ್ಕೆ ನಾನು ನನ್ ಮಗಳ ಇಡೀ ಸಂಬ್ಳವ, ಅವಳನ್ನೂ ಸೇರ್ಸಿ ಕೊಡಾಕ್ ಹೊಂಟಿದ್ನಲ್ಲ!”

ಚಾಮುಂಡಮ್ಮನಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ಅದನ್ನು ಒಲೆಯ ಹೊಗೆಯ ಮೇಲೆ ಹಾಕಿದಳು. ಅವ್ವ ಮಾತ್ರ ಅವಳನ್ನೇ ಒಂದು ಗಳಿಗೆ ನೋಡಿದಳು.

“ನಿಂಗೆ ಒಪ್ಗೆ ಇರ್ಲಿಲ್ವ ಮಗ? ಬಾಯ್ ಬುಟ್ಟು ಯೋಳ್ಬಾರ್ದಾ?”

“ನೀನು ಕೇಳ್ಲೇ ಇಲ್ವಲ್ಲವ್ವ.”

ಅಷ್ಟರಲ್ಲಿ ಚಿಕ್ಕಮಾದಪ್ಪ ನಾಳೆಯ ಹೊತ್ತು ಗೊತ್ತುಮಾಡಲು ಬಂದ. ಚಿಕ್ಕನಿಂಗಮ್ಮ ಅವನ ಮುಂದೆ ಕಜ್ಜಾಯದ ತಟ್ಟೆ ಇಟ್ಟಳು. “ತಿನ್ನು. ತಿಂದ್ಬುಟ್ಟು ಯಳಂದೂರಿಗೆ ಯೋಳ್ಬುಡು, ಬರೋದು ಬ್ಯಾಡ. ನನ್ ಮಗಳ ಮದ್ವೆ ಅವಳ ಮನಸ್ಗೆ ಬಂದಾಗ.”

“ಮತ್ತೆ ದಂಡ?”

“ಅದು ದಂಡ ಅಲ್ಲ ಕಣಯ್ಯ, ಕಣದ ಪಾಲು!”

ಸೋಮವಾರ ಚಾಮುಂಡಮ್ಮ ವಿಮೆಯ ರಸೀತಿ ಹಿಡಿದು ಆಫೀಸಿಗೆ ಹೋದಳು. ಗುಮಾಸ್ತರ ಎದುರು ಕುರ್ಚಿ ಎಳೆದು ಕೂತು ಬರುವ ವರ್ಷದ ಅಂದಾಜನ್ನು ತಾನೇ ಹಾಕಿದಳು. ಅವರು ಮದುವೆಯ ಮಾತು ತೆಗೆಯಲೇ ಇಲ್ಲ. ಕೂಡುವ ಲೆಕ್ಕದ ತಪ್ಪೊಂದನ್ನು ಅವಳು ತೋರಿಸಿಕೊಟ್ಟಾಗ ಕನ್ನಡಕ ಸರಿಮಾಡಿಕೊಂಡು ತಿದ್ದಿಕೊಂಡರು, ಅಷ್ಟೆ.

ಸಂಬಳಕ್ಕೆ ದುಡಿಯುವ ಅಕ್ಕತಂಗಿಯರೇ, ಯುಗಾದಿಗೆ ಮನೆ ಸಾರಿಸಿದ ಮೇಲೆ ಒಂದು ಗಳಿಗೆ ಕೂತು ನಿಮ್ಮ ವರ್ಷದ ಸಂಬಳವನ್ನೂ ಅಂದಾಜು ಮಾಡಿ. ತೆರಿಗೆಯ ದರ ವರ್ಷ ವರ್ಷ ಬದಲಾಗುತ್ತದೆ, ಈ ವರ್ಷದ್ದು ಎಷ್ಟೆಂದು ಆಫೀಸಿನಲ್ಲಿ ವಿಚಾರಿಸಿ. ವಿಮೆಯ ರಸೀತಿ ಪೆಟ್ಟಿಗೆಯಲ್ಲಿ ಮಲಗಿರುವುದು ಬೇಡ. ಹಿಡಿದ ಹಣಕ್ಕೆ ಚೀಟಿ ಕೇಳಿ ಪಡೆಯಿರಿ. ನಿಮ್ಮ ದುಡಿಮೆಯ ಲೆಕ್ಕವನ್ನು ನೀವು ಕೇಳಲು ನಾಚಿಕೆ ಏಕೆ? ಕೇಳಿ. ಹಾಗೆಯೇ, ಮನೆಯಲ್ಲಿ ಮಗಳಿದ್ದರೆ ಅವಳ ಮನಸ್ಸನ್ನೂ ಒಮ್ಮೆ ಕೇಳಿ.