ಎರಡು ಜೊತೆ ಶೂ

ಹೆಣಕ್ಕೆ ಸ್ನಾನ ಮಾಡಿಸುವ ಹಲಗೆ ಒಳಗೆ ಬರಲು ಜಾಗ ಸಾಲದೆ, ಬಾಡಿಗೆ ಜೀಪಿನ ಉಬೈದ್ ವರಾಂಡದ ಚಪ್ಪಲಿ ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಎತ್ತಿ ಅಂಗಳಕ್ಕೆ ಇಳಿಸುತ್ತಿದ್ದ. ಸ್ಟ್ಯಾಂಡ್ ವಾಲಿತು. ಅದರ ಮೇಲಿನ ಸಾಲಿನಲ್ಲಿದ್ದ ಎರಡು ಜೊತೆ ದಪ್ಪ ಶೂಗಳು ಮೆಟ್ಟಿಲ ಮೇಲೆ ದಡಬಡ ಉರುಳಿದವು.

"ಅವನ್ನ ಒಳಗೆ ಕೊಡು," ಎಂದಳು ಕರೀಮುನ್ನೀಸಾ, ಬಾಗಿಲ ಸಂದಿಯಿಂದ. ಗಂಡ ನಜೀರ್ ಸತ್ತು ನಾಲ್ಕು ಗಂಟೆಯಾಗಿತ್ತು. ಅಲ್ಲಿಯವರೆಗೆ ಅವಳು ಯಾರ ಹತ್ತಿರವೂ ಮಾತಾಡಿರಲಿಲ್ಲ.

"ಈ ಹೊತ್ತಲ್ಲಿ ಅವು ಎಂಥಕ್ಕೆ ಭಾಬಿ?"

"ಕೊಡು ಅಂದೆ."

ಉಬೈದ್ ಕೊಟ್ಟ. ಒಂದು ಜೊತೆ ಕಂದು ಬಣ್ಣದ್ದು, ಗಂಡಸಿನದು. ಇನ್ನೊಂದು ಬೂದು ಬಣ್ಣದ್ದು, ಕೆಂಪು ಲೇಸಿನದು, ಹೆಂಗಸಿನದು. ಎರಡೂ ನಿನ್ನೆ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದ್ದವು. ಹಾಕಿಕೊಳ್ಳುವವರು ಆ ಮನೆ ಬಿಟ್ಟು ಎರಡೂವರೆ ವರ್ಷವಾಗಿತ್ತು.

ನಜೀರ್ ಸತ್ತದ್ದು ಆ ಶೂಗಳ ಎದುರೇ. ಸೋಮವಾರ ಬೆಳಿಗ್ಗೆ ಚಹಾ ಕುಡಿದು, ಮೆಟ್ಟಿಲ ಮೇಲೆ ಕೂತು ಪಾಲಿಶ್ ಉಜ್ಜುತ್ತಿದ್ದವನು ಬ್ರಷ್ ಹಿಡಿದುಕೊಂಡೇ ಒಂದು ಮಗ್ಗುಲಿಗೆ ವಾಲಿದ. ಕಳಸದ ಆಸ್ಪತ್ರೆಗೆ ಉಬೈದನ ಜೀಪಿನಲ್ಲಿ ಹೋದದ್ದೂ ಆಯಿತು, ಅದೇ ಜೀಪಿನಲ್ಲಿ ಹಿಂದೆ ಬಂದದ್ದೂ ಆಯಿತು. ಅರವತ್ತೊಂದು ವರ್ಷ. ಅದರಲ್ಲಿ ಮೂವತ್ತು ವರ್ಷ ಜೀಪು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಪಂಪ್‌ಸೆಟ್ಟುಗಳ ಅಡಿಯಲ್ಲಿ ಮಲಗಿ ಕಳೆದಿದ್ದ. ಆಮೇಲೆ ಗ್ಯಾರೇಜು ಮುಚ್ಚಿ, ಸಂಸೆ ರಸ್ತೆಯ ಪಕ್ಕ ನಾಲ್ಕು ರೂಮು ಕಟ್ಟಿಸಿ, 'ಹೊಳೆ ನೋಟ ಹೋಂಸ್ಟೇ' ಎಂದು ಬೋರ್ಡು ಹಾಕಿಸಿದ. ಹೊಳೆ ಕಾಣಬೇಕಾದರೆ ನೀರಿನ ಟ್ಯಾಂಕಿನ ಮೇಲೆ ಹತ್ತಬೇಕಿತ್ತು. ಬಂದವರು ಯಾರೂ ಜಗಳ ಮಾಡಲಿಲ್ಲ, ಅಷ್ಟು ಚೆನ್ನಾಗಿ ನಗುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಕುರ್ಚಿಗಳು ಮಲ್ಲಿಕಾರ್ಜುನ ಅವರ ಎಸ್ಟೇಟಿನಿಂದ ಬಂದವು. ಕುರ್ಚಿಗಳ ಹಿಂದೆಯೇ ಅವರೂ ಬಂದರು.

"ಇಂಥ ಮನುಷ್ಯ ಸಿಗಲ್ಲ ಬಿಡ್ರಿ," ಅಂದರು ಮಲ್ಲಿಕಾರ್ಜುನ. "ಪಿಕ್ಕಿಂಗ್ ಟೈಮಲ್ಲಿ ನಮ್ಮ ಪಲ್ಪರ್ ಕೈ ಕೊಡ್ತು. ಅವತ್ತು ಇವ್ರ ಮಗಳ ನಿಶ್ಚಯ. ಹೊಸ ಶರ್ಟ್ ಹಾಕ್ಕೊಂಡೇ ಬಂದು ಗ್ರೀಸ್ ಮಾಡ್ಕೊಂಡು ರಿಪೇರಿ ಮಾಡಿ ಕೊಟ್ರು. ಒಂದು ಸುಳ್ಳು ಅಂತ ಅವ್ರ ಬಾಯಲ್ಲಿ ನಾನು ಕೇಳಿಲ್ಲ."

ಕೂತಿದ್ದವರೆಲ್ಲ ತಮ್ಮ ತಮ್ಮ ಚಹಾ ಲೋಟ ನೋಡಿಕೊಂಡರು. ಯಾರೋ ಕೆಮ್ಮಿದರು. ಕೊನೆಗೆ ಉಬೈದನೇ, "ಹೌದು, ಹೌದು," ಎಂದ.

*

ರೊಮೇನಿಯಾದ ಮರಿನ್ ಮತ್ತು ಅವನ ಹೆಂಡತಿ ಇಲಿಂಕಾ ಬಂದದ್ದು ಒಂದು ಡಿಸೆಂಬರಿನಲ್ಲಿ, ಮೂರು ದಿನಕ್ಕೆಂದು. ಇಬ್ಬರಿಗೂ ಐವತ್ತು ದಾಟಿತ್ತು. ಎರಡನೇ ದಿನ ಗುಡ್ಡ ಇಳಿಯುವಾಗ ಇಲಿಂಕಾ ಜಾರಿ ಬಿದ್ದು ಕಾಲು ಮುರಿದುಕೊಂಡಳು. ಅವಳನ್ನು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬಂದವನು ಉಬೈದ್. ಡಾಕ್ಟರು ಪ್ಲಾಸ್ಟರ್ ಹಾಕಿ, ಎರಡು ತಿಂಗಳು ಅಲ್ಲಾಡಬಾರದು ಎಂದರು.

ಮರಿನ್ ತನ್ನ ಊರಲ್ಲಿ ಬಸ್ ಮೆಕ್ಯಾನಿಕ್. ಇದು ಗೊತ್ತಾದ ದಿನ ನಜೀರನಿಗೆ ಕಳೆದುಹೋದ ತಮ್ಮ ಸಿಕ್ಕಿದಷ್ಟು ಖುಷಿ. ಇಬ್ಬರೂ ಸೇರಿ ಶೆಡ್ಡಿನಲ್ಲಿ ಸತ್ತು ಬಿದ್ದಿದ್ದ ಹಳೇ ಜೀಪನ್ನು ಬಿಚ್ಚಿ ಹರಡಿದರು. ಇವನ ಭಾಷೆ ಅವನಿಗಿಲ್ಲ, ಅವನದು ಇವನಿಗಿಲ್ಲ. ಕ್ಲಚ್, ಗೇರ್, ಬೇರಿಂಗ್ ಎಂಬ ಮೂರು ಮಾತಿನಲ್ಲೇ ದಿನವಿಡೀ ಹರಟುತ್ತಿದ್ದರು. ಕರೀಮುನ್ನೀಸಾ ಇಲಿಂಕಾಳ ತಲೆ ತೊಳೆದು ಎಣ್ಣೆ ಹಚ್ಚಿದಳು. ಇಲಿಂಕಾ ಕೂತಲ್ಲೇ ಅಡಿಗೆಮನೆಯ ಬೆಳ್ಳುಳ್ಳಿಯನ್ನೆಲ್ಲ ಸುಲಿದಳು. ಮಲ್ಲಿಕಾರ್ಜುನ ಎರಡು ಸಲ ಬಂದು ಅವರ ಜೊತೆ ಕಾಫಿ ಕುಡಿದು, ಫೋಟೋ ತೆಗೆಸಿಕೊಂಡು ಹೋದರು.

ಜನವರಿ ಕೊನೆಗೆ ಅವರ ವೀಸಾ ಮುಗಿಯುವುದಿತ್ತು. ಮುಂದುವರಿಸಲು ಅರ್ಜಿ ಹಾಕಬೇಕು, ಅದಕ್ಕೆ ಮನೆ ಮಾಲೀಕರ ಪತ್ರ ಬೇಕು ಎಂದು ಮರಿನ್ ಫೋನಿನಲ್ಲಿ ಕನ್ನಡಕ್ಕೆ ತಿರುಗಿಸಿ ತೋರಿಸಿದ. ಓದಿದ ನಜೀರ್ ಫೋನನ್ನು ಹಾಗೇ ವಾಪಸು ಕೊಟ್ಟ. ವಿದೇಶದವರು ಬಂದು ಇಳಿದರೆ ಒಂದು ದಿನದೊಳಗೆ ಅವರ ವಿವರ ಸರ್ಕಾರಕ್ಕೆ ಕಳಿಸಬೇಕೆಂದು ನಿಯಮ. ಇವನು ಕಳಿಸಿರಲಿಲ್ಲ. ಇವನೇನು, ಆ ರಸ್ತೆಯ ಒಬ್ಬ ಹೋಂಸ್ಟೇಯವನೂ ಕಳಿಸುತ್ತಿರಲಿಲ್ಲ. ಈಗ ಪತ್ರ ಕೊಟ್ಟರೆ ಅಂದಿನ ತಪ್ಪು ಹೊರಗೆ ಬರುತ್ತದೆ, ಲೈಸೆನ್ಸ್ ಹೋಗುತ್ತದೆ.

"ನೋ ಪ್ರಾಬ್ಲಂ. ಟುಮಾರೋ," ಎಂದ ನಜೀರ್.

ಮರುದಿನವೂ ಅದೇ ಎಂದ. ಫೆಬ್ರವರಿ ಬಂದ ಮೇಲೂ ಅದೇ ಎಂದ. ಮರಿನ್ ನಂಬಿದ. ಜೊತೆಯಲ್ಲಿ ಗೇರ್‌ಬಾಕ್ಸ್ ಕಟ್ಟಿದವನನ್ನು ನಂಬದೆ ಇನ್ಯಾರನ್ನು ನಂಬುತ್ತಾನೆ?

ಪೊಲೀಸರು ಬಂದು, ಇವರು ಯಾವಾಗಿಂದ ಇಲ್ಲಿದ್ದಾರೆ ಎಂದು ಕೇಳಿದರು. ನಜೀರ್ ರಿಜಿಸ್ಟರ್ ತೆರೆದು ತೋರಿಸಿದ. ಪೊಲೀಸ್ ಜೀಪಿನ ಸದ್ದು ಗೇಟಿನಲ್ಲಿ ಕೇಳಿದಾಗಲೇ ಅವನು ಅದರಲ್ಲಿ ಅವರಿಬ್ಬರ ಹೆಸರು ಬರೆದಾಗಿತ್ತು.

"ನಿನ್ನೆ ಬಂದ್ರು ಸಾರ್."

ಮರಿನನಿಗೆ ಮಾತು ತಿಳಿಯಲಿಲ್ಲ. ತನ್ನ ಪರವಾಗಿ ಹೇಳುತ್ತಿದ್ದಾನೆಂದುಕೊಂಡು ನಜೀರನ ಹೆಗಲ ಮೇಲೆ ಕೈ ಹಾಕಿ, ಪೊಲೀಸರ ಕಡೆ ನೋಡಿ ನಗುತ್ತ ನಿಂತಿದ್ದ.

"ಕಾಲಿನ ಪ್ಲಾಸ್ಟರು?"

"ಹಂಗೇ ಬಂದ್ರು ಸಾರ್."

ಪೊಲೀಸರು ಕರೀಮುನ್ನೀಸಾಳ ಕಡೆ ತಿರುಗಿ, "ಹೌದೇನಮ್ಮ?" ಅಂದರು. ಅವಳು ಗಂಡನ ಮುಖ ನೋಡಿ, "ಹೌದು," ಅಂದಳು.

ಸ್ವಲ್ಪ ವಿಚಾರಿಸಿ ಕಳಿಸಬಹುದೆಂದು ಅವಳೂ ಅಂದುಕೊಂಡಿದ್ದಳು. ಆದರೆ ಅವಧಿ ಮುಗಿದ ಮೇಲೂ ಎಲ್ಲೋ ಅಡಗಿಕೊಂಡಿದ್ದರು ಎಂದು ಕೇಸಾಯಿತು. ಕೇಸು ಮುಗಿಯುವವರೆಗೆ ದೇಶ ಬಿಡುವಂತಿಲ್ಲ, ಹೊರಗೂ ಇರುವಂತಿಲ್ಲ. ಬೆಂಗಳೂರಿನಾಚೆ ವಿದೇಶದವರನ್ನು ಕೂಡಿಡುವ ಒಂದು ಕಟ್ಟಡದಲ್ಲಿ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ ಇಟ್ಟರು. ಮರಿನ್ ಹೋದದ್ದು ಬಚ್ಚಲಿನ ಹವಾಯಿ ಚಪ್ಪಲಿಯಲ್ಲಿ. ಶೂಗಳು ಸ್ಟ್ಯಾಂಡಿನಲ್ಲೇ ಉಳಿದವು.

ಒಂದು ವರ್ಷದ ಮೇಲೆ ಇಲಿಂಕಾಳಿಂದ ಕಾಗದ ಬಂತು. ಇಂಗ್ಲಿಷಿನಲ್ಲಿ ತನ್ನ ಹೆಸರಿಗೆ ಬರೆದಿದ್ದ ಅದನ್ನು ಮಗ ಸುಫಿಯಾನ್ ಓದಿ ಹೇಳಿದ: ನನ್ನ ಕಾಲು ವಾಸಿಯಾಗಿದೆ, ಅಮ್ಮನಿಗೆ ಹೇಳಿ. ನಜೀರ್ ಅವರಿಗೆ ಕೆಲಸದ ಗಡಿಬಿಡಿಯಲ್ಲಿ ತಾರೀಕು ಮರೆತಿರಬೇಕು, ದಯವಿಟ್ಟು ರಿಜಿಸ್ಟರ್ ಇನ್ನೊಮ್ಮೆ ನೋಡಲು ಹೇಳಿ. ಜೀಪು ಓಡುತ್ತಿದೆಯಾ ಎಂದು ಮರಿನ್ ಕೇಳುತ್ತಾನೆ.

ಬೈದು ಬರೆದಿದ್ದರೆ ಚೆನ್ನಾಗಿತ್ತು ಎಂದು ಕರೀಮುನ್ನೀಸಾಳಿಗೆ ಅನ್ನಿಸಿತು. ನಜೀರ್ ಕಾಗದ ಮಡಚಿಟ್ಟು ವರಾಂಡಕ್ಕೆ ಹೋದ. ಅವತ್ತಿನಿಂದ ಶುರುವಾದದ್ದು ಶೂಗಳ ಆರೈಕೆ. ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿಯದ ಹಾಗೆ ಒಳಗೆ ಪೇಪರು ತುರುಕುವುದು, ಒಲೆಯ ಹತ್ತಿರ ಇಡುವುದು, ವಾರಕ್ಕೊಮ್ಮೆ ಪಾಲಿಶ್ ಹಾಕುವುದು. ತನ್ನ ನಮಾಜಿನ ಚಾಪೆಗೆ ಬೂಷ್ಟು ಬಂದರೂ ಆ ಶೂಗಳಿಗೆ ಬರಲು ಬಿಡಲಿಲ್ಲ.

*

ಗಂಡನ ಮೈಮೇಲಿಂದ ತೆಗೆದ ಶರ್ಟಿನ ಜೇಬಿಗೆ ಕರೀಮುನ್ನೀಸಾ ಕೈ ಹಾಕಿದಳು. ಒಂದು ಬಾಚಣಿಗೆ, ಡೀಸೆಲ್ ಚೀಟಿ. ಇನ್ನೊಂದು ಶರ್ಟಿನಲ್ಲೂ ನೋಡಿದಳು.

"ಸುಫಿಯಾನ್, ಕೋರ್ಟಿನ ಕಾಗದ ನೀನು ತಗೊಂಡ್ಯಾ?"

"ಇಲ್ಲಮ್ಮಿ. ಈಗ ಅದು ಎಂಥಕ್ಕೆ?"

ಕಳೆದ ಶುಕ್ರವಾರ ಪೊಲೀಸ್ ಪೇದೆ ತಂದುಕೊಟ್ಟ ಸಮನ್ಸ್ ಅದು. ಗುರುವಾರ ಮೂಡಿಗೆರೆ ಕೋರ್ಟಿಗೆ ಬಂದು ಸಾಕ್ಷಿ ಹೇಳಬೇಕು ಎಂದಿತ್ತು. ಎರಡೂವರೆ ವರ್ಷದಲ್ಲಿ ಕೇಸು ಕೊನೆಗೂ ನಜೀರನ ಬಾಯಿಗೆ ಬಂದು ನಿಂತಿತ್ತು. ಅವನು ಅದನ್ನು ಜೇಬಿಗಿಟ್ಟುಕೊಂಡು ಹೆಂಡತಿಗೆ ಹೇಳಿದ್ದ: "ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀನಿ. ಲೈಸೆನ್ಸ್ ಹೋದ್ರೆ ಹೋಗ್ಲಿ. ಶೂನೂ ತಗೊಂಡ್ ಹೋಗಿ ಕೊಟ್ಟು ಬರ್ತೀನಿ." ಆ ಮೂರು ದಿನ ಅವಳು ಹಗುರಾಗಿ ಓಡಾಡಿದ್ದಳು.

"ನಿಮ್ಮಬ್ಬಾ ಗುರುವಾರ ಹೇಳೋರಿದ್ರು," ಅಂದಳು ಮಗನಿಗೆ. "ಈಗ ನೀನು ಹೇಳ್ಬೇಕು. ಜನಾಜಾ ಎತ್ತೋ ಮೊದಲು ಮಸೀದಿ ಖತೀಬರು ಸತ್ತವರ ಪರವಾಗಿ ಮಾಫಿ ಕೇಳು ಅಂತಾರಲ್ಲ, ಆಗ್ಲೇ ಎಲ್ಲರ ಎದುರಿಗೆ ಹೇಳು. ಆಮೇಲೆ ಕೋರ್ಟಲ್ಲೂ."

"ಎಂಥ ಹೇಳದು? ನಮ್ಮಪ್ಪ ಸುಳ್ಳು ಹೇಳಿ ಇಬ್ಬರನ್ನ ಜೈಲಿಗೆ ಹಾಕ್ಸಿದ್ರು ಅಂತನಾ? ಮಣ್ಣು ಮಾಡೋ ದಿನ?" ಸುಫಿಯಾನ್ ಬಾಗಿಲು ಮುಂದೆ ಮಾಡಿದ. "ಸತ್ತವರ ಹೆಸರು ಕೆಡಿಸ್ಬೇಕಾ ಅಮ್ಮಿ?"

ಹೆಸರಿನ ಮಾತನ್ನು ಅವನು ಮನಸ್ಸಿನಿಂದಲೇ ಆಡಿದ್ದ. ಅಪ್ಪನನ್ನು ಅವನು ಪ್ರೀತಿಸುತ್ತಿದ್ದ. ಆದರೆ ಈ ಬೇಸಿಗೆಯಲ್ಲಿ ಅವನು ಹೋಂಸ್ಟೇಯ ಮೇಲಂತಸ್ತಿನಲ್ಲಿ ಇನ್ನೂ ಮೂರು ರೂಮು ಏರಿಸಿದ್ದ ಎಂಬುದೂ ನಿಜ.

"ಹಂಗಾದ್ರೆ ನಾನೇ ಹೋಗ್ತೀನಿ ಕೋರ್ಟಿಗೆ."

"ನೀನು ಇದ್ದತ್ತಲ್ಲಿ ಇರ್ತೀಯ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟೋ ಹಾಗಿಲ್ಲ," ಎಂದ ಸುಫಿಯಾನ್. ಹೇಳಿ ಬೇಗ ಹೊರಗೆ ಹೋದ.

ಮೂಲೆಯಲ್ಲಿ ಕೂತಿದ್ದ ರಂಗಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ರೂಮು ಗುಡಿಸುವ ಕೆಲಸ ಅವಳದು. ಎರಡು ತಿಂಗಳು ಆ ಇಬ್ಬರ ಹಾಸಿಗೆ ಕೊಡವಿದವಳು.

"ಆ ಯಮ್ಮಂಗೆ ಯಾರು ಹೇಳ್ತಾರೆ ಅಕ್ಕ, ಅಣ್ಣ ಹೋದ್ರು ಅಂತ?" ಎಂದಳು.

ಕರೀಮುನ್ನೀಸಾ ಶರ್ಟುಗಳನ್ನು ಮಡಚಿಟ್ಟಳು.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಹೆಣ ಹೊತ್ತ ಜನಾಜಾ ಅಂಗಳಕ್ಕೆ ಬಂತು. ಎಲ್ಲ ಜಾತಿಯವರೂ ನೆರೆದಿದ್ದಾರೆ, ಮಾಫಿಯ ಮಾತು ಇಲ್ಲೇ ಆಗಲಿ ಎಂದರು ಖತೀಬರು. ಹೆಂಗಸರು ಬಾಗಿಲ ಪರದೆಯ ಹಿಂದೆ ನಿಂತರು. ಸುಫಿಯಾನ್ ಮುಂದೆ ಬಂದ.

"ನಮ್ಮ ಅಬ್ಬಾ ಇಲ್ಲಿ ಬಂದವರಲ್ಲಿ ಯಾರದಾದರೂ ಮನಸ್ಸು ನೋಯಿಸಿದ್ರೆ..." ಎಂದು ನಿಂತ.

ಪರದೆಯ ಹಿಂದೆ ಕರೀಮುನ್ನೀಸಾ ಒಂದು ಹೆಜ್ಜೆ ಮುಂದೆ ಬಂದಳು.

"...ಅಲ್ಲಾಹನಿಗೋಸ್ಕರ ಮಾಫ್ ಮಾಡಿ."

"ಮಾಫ್, ಮಾಫ್," ಎಂದಿತು ಇಡೀ ಅಂಗಳ. ಮಲ್ಲಿಕಾರ್ಜುನ ಕೈಮುಗಿದು, "ಅವ್ರಿಂದ ನಮಗೆಂಥ ನೋವು ಮಾರಾಯ," ಎಂದರು. ಎಷ್ಟು ಸಲೀಸಾಗಿ ಅಂದುಬಿಟ್ಟರು. ಇವರೆಲ್ಲರಿಗೂ ಗೊತ್ತಿತ್ತು, ಇವರ ಹೋಂಸ್ಟೇಗಳ ರಿಜಿಸ್ಟರುಗಳೂ ನಜೀರನ ರಿಜಿಸ್ಟರಿನ ಹಾಗೇ ಖಾಲಿ ಇದ್ದವು. ಮಾಫ್ ಮಾಡಲು ಇವರು ಯಾರು ಎಂದು ಪರದೆ ಸರಿಸಿ ಕೂಗಬೇಕೆನ್ನಿಸಿತು ಅವಳಿಗೆ. ಕೂಗಲಿಲ್ಲ. ಅಂದು 'ಹೌದು' ಎಂದ ಬಾಯಿ ಇದೇ ಅಲ್ಲವೆ?

ಜನಾಜಾ ಹೊರಟಿತು.

*

ಮಣ್ಣು ಕೊಟ್ಟು ಬಂದವರು ಕೈಕಾಲು ತೊಳೆದು, ಚಹಾ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಒಬ್ಬೊಬ್ಬರಾಗಿ ಹೋದರು. ಸುಫಿಯಾನ್ ಮಸೀದಿಯಲ್ಲೇ ಉಳಿದಿದ್ದ. ಉಬೈದ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

ಕರೀಮುನ್ನೀಸಾ ಹೊಸಿಲ ಒಳಗೆ ಕೂತು ಶೂಗಳನ್ನು ಮಡಿಲಿಗೆ ಎಳೆದುಕೊಂಡಳು. ಬೆಳಿಗ್ಗೆ ಮಳೆಗೆ ನೆನೆದ ಮೆಟ್ಟಿಲ ಮೇಲೆ ಬಿದ್ದಾಗ ತೇವವಾಗಿದ್ದವು. ಒಳಗಿನ ಪೇಪರು ಬದಲಿಸಬೇಕು, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಬೂಷ್ಟು ಬರುತ್ತದೆ. ಇನ್ನು ಆ ಕೆಲಸವೂ ಅವಳದೇ.

ಕಂದು ಶೂವಿನಿಂದ ಹಳೇ ಪೇಪರು ಬಂತು, ಕಾಫಿ ದರದ ಪುಟ. ಬೂದು ಶೂವಿನೊಳಗೆ ಬೆರಳು ಹಾಕಿ ಎಳೆದಳು. ತುದಿಯಲ್ಲಿ ಗಟ್ಟಿಯಾಗಿ ತುರುಕಿದ್ದ ಒಂದು ಬಿಳಿ ಉಂಡೆ ಸಿಕ್ಕಿತು. ಬಿಡಿಸಿದಳು. ಮೊಹರು, ನಜೀರನ ಹೆಸರು, ಗುರುವಾರದ ತಾರೀಕು.

ಇಲಿಂಕಾಳ ಕಾಲ್ಬೆರಳುಗಳ ಜಾಗದಲ್ಲಿ ಒದ್ದೆ ಹೀರಲು ಕೂತಿತ್ತು ಕೋರ್ಟಿನ ಕಾಗದ.

ಅವಳು ಅದನ್ನು ಮೊಣಕಾಲ ಮೇಲಿಟ್ಟು ಅಂಗೈಯಿಂದ ಉಜ್ಜಿದಳು. ಸುಕ್ಕು ಹೋಗಲಿಲ್ಲ. ಬೆಳಗಿನಿಂದ ಬಾರದ ಅಳು ಈಗ ಬಂತು, ಅದೂ ಸಿಟ್ಟಿನಿಂದ. ಮೂರು ದಿನ ಹಗುರಾಗಿ ಓಡಾಡಿದ ತನ್ನ ಮೇಲೆ ಹೇಸಿಗೆಯಾಯಿತು. ಹೋಗುವವನಿರಲಿಲ್ಲ ಅವನು. ಶೂ ಉಜ್ಜುತ್ತಲೇ ಇರುತ್ತಿದ್ದ, ಆ ಇಬ್ಬರು ಅಲ್ಲೇ ಮುದುಕರಾಗುವವರೆಗೂ.

ಕಣ್ಣೊರೆಸಿಕೊಂಡು, ಕಾಗದವನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

"ಉಬೈದ್."

"ಹೇಳಿ ಭಾಬಿ."

"ಗುರುವಾರ ಬೆಳಿಗ್ಗೆ ಜೀಪು ತಗೊಂಡು ಬಾ. ಮೂಡಿಗೆರೆಗೆ ಹೋಗದು."

"ಇದ್ದತ್ತಲ್ಲಿ ನೀವು ಹೊರಗೆ..."

"ಅದರ ಜವಾಬು ನಾನು ಅಲ್ಲಾಹನಿಗೆ ಕೊಡ್ತೀನಿ. ನಾನು ಅವತ್ತು ಸುಳ್ಳು ಹೇಳಿದೆ ಅಂತ ಹೇಳ್ತೀನಿ. ನನ್ನೊಬ್ಬಳ ಮಾತು ನಂಬಲ್ಲ ಅವರು. ಕಾಲು ಮುರಿದ ದಿನ ಅವಳನ್ನ ಎತ್ಕೊಂಡು ಬಂದವನು ನೀನು. ಡಿಸೆಂಬರಲ್ಲಿ. ಅಷ್ಟು ಹೇಳಿದ್ರೆ ಸಾಕು. ಬರ್ತೀಯಾ?"

ಉಬೈದ್ ಕೊನೆಯ ಕುರ್ಚಿಯನ್ನು ಮೆಲ್ಲಗೆ ಪೇರಿಸಿದ. ಗೇಟಿನಾಚೆ ನಿಂತಿದ್ದ ತನ್ನ ಜೀಪಿನ ಕಡೆ ನೋಡಿದ. ಅದರ ಗಾಜಿನ ಮೇಲೆ, ತನಗೆ ಬಾಡಿಗೆ ಕೊಡುವ ಆ ರಸ್ತೆಯ ಅಷ್ಟೂ ಹೋಂಸ್ಟೇಗಳ ಫೋನ್ ನಂಬರು ಅಂಟಿಸಿಕೊಂಡಿದ್ದ.

"ನನ್ನ ಚಪ್ಪಲಿ ಎಲ್ಲಿ ಹೋಯ್ತೋ ಏನೋ," ಎಂದ.

ಅವನು ಬಗ್ಗಿ ಅಂಗಳವಿಡೀ ಹುಡುಕತೊಡಗಿದ. ಅಲ್ಲಿ ಉಳಿದಿದ್ದದ್ದು ಅವನದೊಂದೇ ಜೊತೆ.