ಬಾಚಣಿಗೆಗೆ ಸಿಕ್ಕ ಎಳೆಗಳು

ಶನಿವಾರ ಬೆಳಿಗ್ಗೆ ಬಿಶ್ಕೆಕ್ ಬಿಡುವ ಮೊದಲು ಬೂರುಲ್ ಕಾರಿನ ಡಿಕ್ಕಿಯನ್ನು ಮೂರು ಸಲ ತೆಗೆದು ನೋಡಿದಳು. ಅವಳ ಕಿಯಾಕ್, ಕಮಾನಿನಿಂದ ನುಡಿಸುವ ಎರಡು ತಂತಿಯ ವಾದ್ಯ, ತನ್ನ ಹೊಲಿದ ಚೀಲದಲ್ಲಿ ಇಟ್ಟ ಹಾಗೇ ಇತ್ತು. ನಾಲ್ಕನೆಯ ಸಲಕ್ಕೆ ಕೈಹಾಕಿದಾಗ ಕುಬಾತ್ ಕೀಲಿಕೈಯನ್ನು ಜೇಬಿಗಿಳಿಸಿದ.

"ಅದಕ್ಕೇನು ಕಾಲಿದ್ಯಾ ಅಕ್ಕ, ಇಳಿದು ಹೋಗೋಕೆ? ನೀನು ಹತ್ತಿದ್ರೆ ನಾವು ಹೊರಡಬಹುದು."

ಹನ್ನೊಂದು ವರ್ಷದಿಂದ ಅವಳು ಅವನ ಹಿಂದೆ ಕೂತು ನುಡಿಸಿದವಳು. ಅವನು ಕೋಮುಜ್ ಮೀಟುತ್ತ, ವಾದ್ಯವನ್ನು ಹೆಗಲ ಮೇಲೆ ತಿರುಗಿಸಿ, ತಲೆಕೆಳಗು ಹಿಡಿದು ಜನರನ್ನು ನಗಿಸುತ್ತಿದ್ದ. ಆ ನಗುವಿನ ಅಡಿಯಲ್ಲೆಲ್ಲೋ ಅವಳ ಕಮಾನು ಹೋಗಿ ಬರುತ್ತಿತ್ತು. ಈ ಸಲ ಮಾತ್ರ ಅಟ್‌ಬಾಶಿಯ ಸಂಗೀತೋತ್ಸವದವರು ಭಾನುವಾರ ಮಧ್ಯಾಹ್ನ ಹತ್ತು ನಿಮಿಷವನ್ನು ಅವಳೊಬ್ಬಳ ಹೆಸರಿಗೆ ಬರೆದಿದ್ದರು. ಆ ಕಾಗದ ಕೈಚೀಲದಲ್ಲಿತ್ತು. ಮಡಿಸಿದ ಗೆರೆಯಲ್ಲಿ ಆಗಲೇ ಸವೆದಿತ್ತು.

ಕಣಿವೆಯ ದಾರಿಯುದ್ದಕ್ಕೂ ನದಿ ಅವರ ಎದುರಿಗೆ ಹರಿದು ಬರುತ್ತಿತ್ತು. ಬಿಸಿಲು ಒಂದು ಬಂಡೆಯ ಮೇಲಿಂದ ಇನ್ನೊಂದಕ್ಕೆ ನಿಧಾನವಾಗಿ ದಾಟುತ್ತಿತ್ತು. ಬೂರುಲ್ ನುಡಿಸಬೇಕಾದ ಹತ್ತು ನಿಮಿಷವನ್ನು ತೊಡೆಯ ಮೇಲೆ ಬೆರಳಲ್ಲೇ ನುಡಿಸಿ ಮುಗಿಸಿದಳು, ಮತ್ತೆ ಮೊದಲಿನಿಂದ ಹಿಡಿದಳು. ಕೊಚ್ಕೋರ್ ದಾಟಿದ ಮೇಲೆ ರಸ್ತೆ ಬದಿಯಲ್ಲಿ ಕುಮಿಸ್ ಮಾರುತ್ತಿದ್ದರು. ಕುದುರೆ ಹಾಲಿನ ಆ ಹುಳಿ ಪಾನೀಯ ಕಂಡರೆ ಕುಬಾತನ ಕಾರು ತಾನಾಗಿಯೇ ನಿಲ್ಲುತ್ತದೆ. ಅವನು ಅಲ್ಲೇ ಎರಡು ಬಟ್ಟಲು ಕುಡಿದು, ಐದು ಲೀಟರಿನ ಬಾಟಲಿಯೊಂದನ್ನು ಮುಚ್ಚಳ ಸಡಿಲ ಬಿಟ್ಟು ಡಿಕ್ಕಿಯಲ್ಲಿಟ್ಟ. ಒಳಗೊಳಗೇ ನೊರೆಯೇಳುವ ಕುಮಿಸ್‌ಗೆ ಉಸಿರಾಡಲು ಜಾಗ ಬೇಕೆಂದು ಆ ನಾಡಿನಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಬೂರುಲ್‌ಗೂ ಗೊತ್ತಿತ್ತು. ಆದರೆ ಬಾಟಲಿಯ ಪಕ್ಕದಲ್ಲೇ ಕಿಯಾಕ್ ಇತ್ತು. ಒಂದು ತೊಟ್ಟು ಚೆಲ್ಲಿದರೆ? ಅವನು ಹಣ ಕೊಡಲು ಹೋದಾಗ ಅವಳು ಡಿಕ್ಕಿ ತೆಗೆದು, ಮುಚ್ಚಳವನ್ನು ಅಂಗೈ ಕೆಂಪಾಗುವವರೆಗೆ ಬಿಗಿದಳು. ಆಮೇಲೆ ಮನಸ್ಸು ನಿರಾಳವಾಗಿ, ಘಾಟಿ ಹತ್ತುವಾಗ ಅವಳಿಗೆ ನಿದ್ದೆ ಬಂತು.

ಕನಸಿನಲ್ಲಿ ಯಾರೋ ಬಾಗಿಲು ಬಡಿದರು, ಒಂದೇ ಒಂದು ಸಲ.

ದೊಲೋನ್ ಘಾಟಿಯ ನೆತ್ತಿಯಲ್ಲಿ ಕಾರು ನಿಂತಿತ್ತು. ಹುಳಿ ವಾಸನೆ ತುಂಬಿತ್ತು. ಡಿಕ್ಕಿ ತೆಗೆದರೆ ಒಡೆದ ಬಾಟಲಿ, ಬಿಳಿ ನೊರೆ, ನೊರೆಯಲ್ಲಿ ತೊಯ್ದ ಚೀಲ. ಸೌಟಿನಂಥ ಕಿಯಾಕ್‌ನ ಹೊಟ್ಟೆಗೆ ಬಿಗಿದಿದ್ದ ಒಂಟೆಚರ್ಮ ನೆನೆದು ಜೋಲು ಬಿದ್ದಿತ್ತು. ಕುದುರೆಬಾಲದ ಕೂದಲಿನ ಎರಡು ತಂತಿಗಳಿಗೂ ಹಾಲಿನ ಜಿಡ್ಡು ಹತ್ತಿತ್ತು. ಜಿಡ್ಡು ಹತ್ತಿದ ಕೂದಲಿನ ಮೇಲೆ ಕಮಾನು ಜಾರುತ್ತದೆ, ಸೊಲ್ಲೆತ್ತುವುದಿಲ್ಲ.

ಕುಬಾತ್ ಮುಚ್ಚಳವನ್ನು ಎತ್ತಿ ನೋಡಿದ. ಅದು ಒಡೆದ ಬಾಟಲಿಯ ಕತ್ತಿಗೆ ಇನ್ನೂ ಬಿಗಿಯಾಗಿಯೇ ಇತ್ತು. ಅವಳ ಮುಖವನ್ನೂ ನೋಡಿದ. ಚೂರುಗಳನ್ನು ಆಯತೊಡಗಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗನ್ನಿಸಿತು.

ಘಾಟಿಯ ಆಚೆಯ ಹುಲ್ಲುಗಾವಲಿನಲ್ಲಿ ಮೊದಲು ಕಂಡ ಗುಡಾರ ಬಾಲ್ಜಾನ್ ಅಪಾ ಎಂಬ ಮುದುಕಿಯದು. ಆಕೆ ಮೊದಲು ರೊಟ್ಟಿ ಮುರಿಸಿದಳು, ಚಹಾ ಬಗ್ಗಿಸಿದಳು, ಚರ್ಮವನ್ನು ಒರೆಸಿ ಕಿಯಾಕನ್ನು ಬಿಸಿಲು ನೆರಳು ಕೂಡುವ ಜಾಗದಲ್ಲಿ ತೂಗುಹಾಕಿಸಿದಳು. ಹೊಸ ತಂತಿಗೆ ಕೂದಲು ಬೇಕಿತ್ತು, ಅದೂ ಗಂಡು ಕುದುರೆಯದು. ಹೆಣ್ಣು ಕುದುರೆಯ ಬಾಲ ಗಂಜಲದಲ್ಲಿ ನೆನೆದು ನೆನೆದು ಸತ್ವ ಕಳೆದುಕೊಂಡಿರುತ್ತದೆ. ಗುಡಾರದ ಹಿಂದೆ ಕಪ್ಪು ಕುದುರೆಯೊಂದು ಹುಲ್ಲಿಗೆ ತಾಗುವ ಬಾಲ ಬೀಸುತ್ತ ನಿಂತಿತ್ತು. ಬೂರುಲ್ ಅದನ್ನು ನೋಡುತ್ತಲೇ, ಒಂದು ಹಿಡಿ ಕತ್ತರಿಸಿಕೊಳ್ಳಬಹುದೇ ಎಂದು ಕೇಳಿಬಿಟ್ಟಳು.

ಚಹಾದ ಬಟ್ಟಲು ಮುದುಕಿಯ ಕೈಯಲ್ಲೇ ನಿಂತಿತು. ಕುಬಾತ್ ತಲೆ ತಗ್ಗಿಸಿದ.

"ಕುದುರೆ ಬಾಲಕ್ಕೆ ಕತ್ತರಿ ಹಾಕೋದು ಯಾವಾಗ ಮಗಳೇ?" ಬಾಲ್ಜಾನ್ ಅಪಾಳ ದನಿ ಏರಲಿಲ್ಲ. "ಅದರ ಯಜಮಾನ ಸತ್ತಾಗ. ನನ್ನ ಮುದುಕ ಹಾಲು ಕೊಡೋಕೆ ಪೇಟೆಗೆ ಹೋಗಿದಾನೆ. ಸಂಜೆ ಬಂದು ಬಾಲ ನೋಡಿದ್ರೆ, ನಾನು ಹೋಗಿಬಿಟ್ಟೆನಾ ಅಂತ ನನ್ನನ್ನೇ ಕೇಳ್ತಾನೆ."

ಬೂರುಲ್‌ಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಂದೇ ದಿನದಲ್ಲಿ ಎರಡನೆಯ ಸಲ, ಗೊತ್ತಿದ್ದ ವಿಷಯವೇ ಭಯದಲ್ಲಿ ಮರೆತುಹೋಗಿತ್ತು. ಅವಳು ಕ್ಷಮೆ ಕೇಳಿ ಎದ್ದಳು. ಕುಬಾತ್ ಹತ್ತಿರ ಬಂದು, ನಾಳೆ ನನ್ನ ಹಿಂದೆಯೇ ಕೂತುಬಿಡು, ಕಿಯಾಕ್ ಹಿಡಿದಿದ್ದರೆ ಸಾಕು, ದೂರದಿಂದ ಯಾರಿಗೂ ತಿಳಿಯುವುದಿಲ್ಲ ಎಂದ. ಪ್ರೀತಿಯಿಂದಲೇ ಹೇಳಿದ. ಅದು ಸಾಧ್ಯವೂ ಇತ್ತು. ಅದಕ್ಕೇ ಅವಳು ಅವನನ್ನು ನೋಡದೆ ಕಾರಿನ ಕಡೆ ತಿರುಗಿದಳು.

"ಕೂತ್ಕೋ," ಎಂದಳು ಮುದುಕಿ. ಪೆಟ್ಟಿಗೆಯಿಂದ ಹಲ್ಲು ಮುರಿದ ಮರದ ಬಾಚಣಿಗೆಯೊಂದನ್ನು ತೆಗೆದಳು. "ಕತ್ತರಿ ಬೇಡ. ಬಾಚು. ಅವನಾಗಿ ಏನು ಬಿಡ್ತಾನೋ ಅದು ನಿಂದು. ಕಿತ್ತೀಯ ಅಂದ್ರೆ ಒದೀತಾನೆ, ಆಮೇಲೆ ನನ್ನ ಬೈಬೇಡ."

ಕುದುರೆಯ ಹಿಂದೆ ನಿಂತು ಹೆದರುವವರ ಕೈಗೆ ಏನೂ ಸಿಗುವುದಿಲ್ಲ. ಮೊದಲ ಅರ್ಧ ಗಂಟೆಯಲ್ಲಿ ಬೂರುಲ್‌ಗೆ ಸಿಕ್ಕಿದ್ದು ಎರಡೇ ಎಳೆ. ಕುದುರೆ ಚರ್ಮ ನಡುಗಿಸಿದಾಗಲೆಲ್ಲ ಅವಳು ಹಿಂದಕ್ಕೆ ಹಾರುತ್ತಿದ್ದಳು. ಮುದುಕಿ ಅದರ ತಲೆಯ ಬಳಿ ನಿಂತು, ಸೊಸೆಯ ಅಡುಗೆಯ ಬಗ್ಗೆ, ತನ್ನ ಮೊಣಕಾಲಿನ ಬಗ್ಗೆ ಅದಕ್ಕೆ ಹೇಳುತ್ತಲೇ ಇದ್ದಳು. ಯಾವಾಗಲೋ ಬೂರುಲ್ ಆ ಮಾತಿನ ಲಯಕ್ಕೆ ಬಾಚತೊಡಗಿದಳು. ಮೇಲಿಂದ ಕೆಳಕ್ಕೆ, ಮತ್ತೆ ಮೇಲಿಂದ ಕೆಳಕ್ಕೆ. ಮೋಡದ ನೆರಳೊಂದು ಗುಡ್ಡ ಇಳಿದು ಬಂತು. ಅವರ ಮೂವರ ಮೇಲೆ ಸ್ವಲ್ಪ ಹೊತ್ತು ಕೂತು, ತೊರೆ ದಾಟಿ ಹೋಯಿತು. ದೂರದಲ್ಲಿ ಕುಬಾತ್ ಚೀಲ ತೊಳೆಯುತ್ತಿದ್ದ. ಅವನ ಶಿಳ್ಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾಳೆ ಎಂಬುದು ಘಾಟಿಯ ಆಚೆಯೇ ಉಳಿದುಬಿಟ್ಟಿದೆ ಎನ್ನಿಸಿತು. ಬಾಚಣಿಗೆಯ ಹಲ್ಲಿಗೆ ಒಂದು ಎಳೆ ಸುತ್ತಿಕೊಳ್ಳುತ್ತಿತ್ತು, ಬಹಳ ಹೊತ್ತಿನ ಮೇಲೆ ಇನ್ನೊಂದು.

ಬಿಸಿಲು ಓರೆಯಾದಾಗ ಕುದುರೆ ಬಾಲವನ್ನು ಅವಳ ಕೈಯಿಂದ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದೆ ಹೋಯಿತು.

"ಇವತ್ತಿಗೆ ಅಷ್ಟೇ ಅಂತೆ," ಎಂದಳು ಮುದುಕಿ.

ಎಳೆಗಳು ಒಂದು ತಂತಿಗೆ ಸಾಕಾದವು. ಎರಡಕ್ಕೆ ಸಾಲಲಿಲ್ಲ.

ಭಾನುವಾರ ಅಟ್‌ಬಾಶಿಯ ಮೈದಾನದಲ್ಲಿ ಧೂಳೆಬ್ಬಿಸುವ ಗಾಳಿಯಿತ್ತು. ಧ್ವನಿವರ್ಧಕ ಅವಳ ಹೆಸರನ್ನು ಅರ್ಧ ನುಂಗಿ ಅರ್ಧ ಹೇಳಿತು. ಸಭೆಯ ಅಂಚಿನಲ್ಲಿ ಕೆಲವರು ಕುದುರೆಯ ಮೇಲೇ ಕೂತಿದ್ದರು. ಮೆಟ್ಟಿಲ ಬಳಿ ಕುಬಾತ್, ಬೇಕಾದರೆ ಕಣ್ಸನ್ನೆ ಮಾಡು, ಬಂದುಬಿಡುತ್ತೇನೆ ಎಂದ. ಬೇಡವೆಂದು ಅವಳು ತಲೆಯಾಡಿಸಿದಳು.

ಒಂದೇ ತಂತಿಯಲ್ಲಿ ಅವಳು ಸಿದ್ಧಮಾಡಿಕೊಂಡಿದ್ದ ಹತ್ತು ನಿಮಿಷ ಹಿಡಿಯಲಿಲ್ಲ. ಒಣಗಿ ಬಿಗಿದ ಚರ್ಮದಿಂದ ಒರಟು, ಒಡಕು ದನಿ ಹೊರಟಿತು. ಮೊದಲ ಸ್ವರಕ್ಕೇ ಬೂರುಲ್ ಕಮಾನನ್ನು ತಡೆದಳು. ಅಷ್ಟರಲ್ಲಿ ಬಿಸಿಲಿಗೆ ಕಾದ ಕಿಯಾಕ್‌ನಿಂದ ಹುಳಿ ಹಾಲಿನ ವಾಸನೆ ಮೂಗಿಗೆ ಬಂತು. ಅದರ ಹಿಂದೆಯೇ ನಿನ್ನೆಯ ಮಧ್ಯಾಹ್ನ ಬಂತು. ಅವಳು ಬಾಚಿದಂತೆ ನುಡಿಸಿದಳು. ಎಳೆದಳು, ಕಾದಳು, ಬಂದದ್ದನ್ನು ತೆಗೆದುಕೊಂಡಳು. ಬಾರದಿದ್ದಲ್ಲಿ ಕೀಳಲು ಹೋಗಲಿಲ್ಲ. ಆ ಖಾಲಿ ಜಾಗಗಳಲ್ಲಿ ಗಾಳಿ ಕೇಳುತ್ತಿತ್ತು, ಕಡಿವಾಣಗಳ ಸಣ್ಣ ಸದ್ದು ಕೇಳುತ್ತಿತ್ತು. ಹತ್ತು ನಿಮಿಷವಾಯಿತೋ ಆರೋ ಅವಳು ನೋಡಲಿಲ್ಲ.

ಚಪ್ಪಾಳೆ ಹೆಚ್ಚೇನೂ ಬೀಳಲಿಲ್ಲ, ತಡವಾಗಿ ಬಿತ್ತು. ಕೆಳಗಿಳಿದಾಗ ಬಿಳಿ ಟೋಪಿಯ ಮುದುಕನೊಬ್ಬ ಕುದುರೆಯಿಂದ ಬಗ್ಗಿ ತಂತಿಯನ್ನೇ ನೋಡಿದ. ಅವಳ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಯಾರ ಕುದುರೇದಮ್ಮ ಇದು?"

ಅವಳು ಹೇಳಿದಳು.

"ಗೊತ್ತಾಯ್ತು," ಎಂದ ಮುದುಕ. "ಆ ಕರಿಯ ಬಲು ಮೊಂಡ. ನಿಂಗೆ ಕೊಟ್ಟನಾ?"

"ಸ್ವಲ್ಪ ಕೊಟ್ಟ."

ಹಿಂದಿರುಗುವಾಗ ಘಾಟಿಗಿಂತ ಮುಂಚೆ ಕುಬಾತ್ ಮತ್ತೆ ಕುಮಿಸ್‌ಗೆ ನಿಲ್ಲಿಸಿದ. ನಿಲ್ಲಿಸಿ, ಕೇಳಬಾರದ್ದು ಕೇಳಿದವನಂತೆ ಅವಳ ಕಡೆ ನೋಡಿದ. ಬೂರುಲ್ ತಾನೇ ಇಳಿದು ಬಾಟಲಿ ತಂದಳು. ಮುಚ್ಚಳ ಸಡಿಲಿಸಿ ತೊಡೆಯ ಮೇಲಿಟ್ಟುಕೊಂಡಳು. ತಿರುವುಗಳಲ್ಲಿ ಅದು ತೊಟ್ಟು ತೊಟ್ಟಾಗಿ ಚೆಲ್ಲಿ ಅವಳ ಲಂಗವನ್ನು ನೆನೆಸಿತು. ನೆತ್ತಿ ತಲಪುವಷ್ಟರಲ್ಲಿ ಅವಳಿಗೆ ನಿದ್ದೆ ಹತ್ತಿತ್ತು. ಡಿಕ್ಕಿಯನ್ನು ಅವಳು ಒಂದು ಸಲವೂ ತೆಗೆದು ನೋಡಿರಲಿಲ್ಲ.